ಒಗ್ಗರಣೆ ನಿಂತ ಬೋರ್ಡಿಂಗು

ಆಲಂಕಾರಿನ ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ಎಡಕ್ಕೊಂದು ಮುರಕಲ್ಲಿನ ಗುಡ್ಡ. ಅದರ ನೆತ್ತಿಯಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗು ಇದ್ದ ಕಾಲದಲ್ಲಿ ಕೆಳಗಿನ ಮನೆಗಳವರು ಹೊತ್ತು ತಿಳಿಯಲು ಆಕಾಶ ನೋಡುತ್ತಿರಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಘಮ ಗುಡ್ಡ ಇಳಿದು ಬಂದರೆ ಮಧ್ಯಾಹ್ನವಾಯಿತೆಂದು ಲೆಕ್ಕ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು, “ಪೂವಕ್ಕನ ಸಾರು ಆಯ್ತು. ನಮ್ಮ ಒಲೆಗೆ ಇನ್ನೂ ಬೆಂಕಿಯೇ ಬಿದ್ದಿಲ್ಲ” ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಿದ್ದರು.

ಪೂವಮ್ಮ ಆ ಬೋರ್ಡಿಂಗಿನ ಅಡುಗೆಯವಳು. ಸುಳ್ಯದ ಕಡೆಯ ಗೌಡರ ಮನೆಯ ಹೆಣ್ಣು. ಎತ್ತರದ ಆಳು, ಮಾತು ಕಡಿಮೆ. ಆಡುವ ಮಾತೂ ಹೆಚ್ಚಾಗಿ ಪಾತ್ರೆಗಳ ಜೊತೆಗೇ. ಕುಚ್ಚಲಕ್ಕಿಯ ಚರಿಗೆಗೆ, “ನಿನಗೆಂತ ಇಷ್ಟು ನಿಧಾನ ಮಾರಾಯ್ತಿ, ಮಕ್ಕಳು ಬರುವ ಹೊತ್ತಾಯ್ತು” ಎಂದು ಗದರಿ, ಒಲೆಗೆ ಇನ್ನೊಂದು ಸೌದೆ ತಳ್ಳುವಳು. ಸಂಜೆ ಅಡುಗೆಮನೆ ಸಾರಿಸಿ, ಒಲೆಯ ಮುಂದೆಯೇ ಒಂದು ಸಣ್ಣ ದೀಪ ಹಚ್ಚಿ ಕೈಮುಗಿಯುವಳು. ಇಂಥ ದೇವರು ಎಂದೇನಿಲ್ಲ. ಅನ್ನ ಬೇಯಿಸಿದ ಬೆಂಕಿಯೇ ಅವಳಿಗೆ ಸಾಕಾಗುತ್ತಿತ್ತು.

ಅವಳಿಗೆ ಒಬ್ಬಳು ಮಗಳಿದ್ದಳು, ಭಾಗಿ. ನಾಲ್ಕು ವರ್ಷ ತುಂಬುವ ಮೊದಲೇ ಸಿಡುಬಿನಲ್ಲಿ ಹೋದಳು. ಸಿಡುಬು ಎಂದು ಆ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಅಮ್ಮ ಬಂದ ಮನೆಯ ಬಾಗಿಲಿಗೆ ಕಹಿಬೇವು ಕಟ್ಟಬೇಕು. ಎಣ್ಣೆ ಕಾಯಿಸಬಾರದು, ಸಾಸಿವೆ ಸಿಡಿಸಬಾರದು. ಸಿಡಿದ ಸಾಸಿವೆ ಅಮ್ಮನ ಮೈಗೆ ತಾಗಿದರೆ ಅದು ಮಗುವಿನ ಮೈಯಲ್ಲಿ ಗುಳ್ಳೆಯಾಗಿ ಏಳುತ್ತದೆ ಎಂಬ ನಂಬಿಕೆ. ಭಾಗಿಗೆ ಬರೀ ಜ್ವರವಿದ್ದ ದಿನ, ಇನ್ನೂ ಒಂದು ಗುಳ್ಳೆಯೂ ಕಾಣದಿದ್ದಾಗ, ಪೂವಮ್ಮ ಏನೂ ತಿಳಿಯದೆ ಹುರುಳಿ ಸಾರಿಗೆ ಒಗ್ಗರಣೆ ಕೊಟ್ಟಿದ್ದಳು. ಮಗು ಹೋದ ಮೇಲೆ ಅತ್ತೆ ಕೂಗಾಡಲಿಲ್ಲ. “ಕಾದ ಎಣ್ಣೆ ಅಮ್ಮನ ಮೈಮೇಲೆ ಹೊಯ್ದೆಯಲ್ಲ” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಗಂಡ ಕೊಡಗಿನ ತೋಟಕ್ಕೆ ಕೆಲಸಕ್ಕೆ ಹೋದವನು ಅಲ್ಲಿಯೇ ತೀರಿಕೊಂಡ. ಪೂವಮ್ಮ ಒಂದು ಬಟ್ಟೆಯ ಗಂಟು ಹಿಡಿದು ಈ ಗುಡ್ಡ ಹತ್ತಿದಳು. ಯಾರದೋ ಮಕ್ಕಳಿಗೆ ಬೇಯಿಸಿ ಬಡಿಸುವಾಗ ಅವಳಿಗೆ ಆ ಅಳುಕು ಇರಲಿಲ್ಲ.

ಮದರಾಸು ರಾಜ್ಯ ಹೋಗಿ ಮೈಸೂರು ರಾಜ್ಯ ಬಂದ ಮರುವರ್ಷ, ಐವತ್ತೇಳರ ಆಟಿ ತಿಂಗಳು, ಜಡಿಮಳೆಯ ಕಾಲ. ಹಡಗಿನಲ್ಲಿ ಬಂದ ಒಂದು ಜ್ವರ ಊರೂರು ತಿರುಗುತ್ತಿದೆ, ಅದರ ಹೆಸರು ಫ್ಲೂ ಎಂಬ ಸುದ್ದಿ ಮಂಗಳೂರಿನಿಂದ ಪುತ್ತೂರಿಗೆ, ಪುತ್ತೂರಿನಿಂದ ಹಳ್ಳಿಗಳಿಗೆ ಬಂತು. ಸುದ್ದಿಯ ಬೆನ್ನಿಗೇ ಜ್ವರವೂ ಬಂತು. ಬೋರ್ಡಿಂಗಿನ ದೊಡ್ಡ ಹುಡುಗಿ ಆಲೀಸ್ ಹಲ್ಲು ಕೀಳಿಸಲು ಪುತ್ತೂರಿಗೆ ಹೋಗಿದ್ದಳು. ಹಲ್ಲು ಅಲ್ಲಿ ಕೊಟ್ಟು ಜ್ವರ ಇಲ್ಲಿಗೆ ತಂದಳು. ಮೊದಲು ಅವಳು ಮಲಗಿದಳು, ಆಮೇಲೆ ಅವಳ ಪಕ್ಕದ ಚಾಪೆಯವಳು, ಮತ್ತೆ ಅದರಾಚೆಯವಳು. ಕುಮಾರಧಾರೆ ತುಂಬಿ ಕಡವಿನ ದೋಣಿ ನಿಂತಿದ್ದರಿಂದ ಮಕ್ಕಳನ್ನು ಮನೆಗೆ ಕಳಿಸುವ ಹಾಗೂ ಇರಲಿಲ್ಲ. ಒಂದು ವಾರ ತುಂಬುವುದರೊಳಗೆ ಉದ್ದನೆಯ ಕೋಣೆಯಲ್ಲಿ ಚಾಪೆಗಳು ದಡಕ್ಕೆ ಕಟ್ಟಿದ ದೋಣಿಗಳ ಹಾಗೆ ಸಾಲಾಗಿ ಮಲಗಿದ್ದವು. ಮಧ್ಯೆ ಎಲ್ಲೋ ಒಂದು ಕೆಮ್ಮು, ಎಲ್ಲೋ ಒಂದು ನರಳು. ಹಂಚಿನ ಸಂದಿಯಿಂದ ಬೀಳುವ ಹಸಿರು ಬೆಳಕು ಅವುಗಳ ಮೇಲೆ ನೀರಿನಂತೆ ಅಲುಗುತ್ತಿತ್ತು.

ಪೇಟೆಯ ಕಂಪೌಂಡರು ಕೊಡೆ ಹಿಡಿದು ಬಂದು ಒಬ್ಬೊಬ್ಬರ ನಾಲಿಗೆ ನೋಡಿದರು. “ಇದು ಫ್ಲೂ. ಹೆದರ್ಲಿಕ್ಕೆ ಎಂತದೂ ಇಲ್ಲ. ಮೈ ಬೆಚ್ಚಗೆ ಇರ್ಲಿ. ಹಾಲು, ಗಂಜಿ ಹೊಟ್ಟೆಗೆ ಹೋಗ್ಲಿ. ಹೊಟ್ಟೆ ಖಾಲಿ ಬಿಟ್ರೆ ಮಾತ್ರ ಕಷ್ಟ” ಎಂದು ವಾರ್ಡನ್ ದಮಯಂತಿ ಟೀಚರಿಗೆ ಹೇಳಿ ಇಳಿದು ಹೋದರು. ಮರುದಿನ ಅವರೇ ಮಲಗಿದರೆಂದು ಸುದ್ದಿ ಬಂತು.

ಅವರು ಹೇಳಿದ್ದನ್ನು ಪೂವಮ್ಮ ಬಾಗಿಲ ಹಿಂದೆ ನಿಂತು ಕೇಳಿದ್ದಳು. ಆದರೆ ಭಾಗಿಗೂ ಮೊದಲು ಬಂದದ್ದು ಬರೀ ಜ್ವರವೇ ಅಲ್ಲವೆ? ಆ ಮಧ್ಯಾಹ್ನ ಅವಳು ಒಗ್ಗರಣೆಯ ಸೌಟನ್ನು ತೊಳೆದು, ಒರೆಸಿ, ಗೋಡೆಯ ಮೊಳೆಗೆ ಬೆನ್ನು ತಿರುಗಿಸಿ ತೂಗುಹಾಕಿದಳು. ಗುಡ್ಡದ ಬುಡದಲ್ಲಿದ್ದ ಕಹಿಬೇವಿನ ಮರದಿಂದ ಗೊಂಚಲು ಮುರಿದು ತಂದು ಗೇಟಿಗೂ ಕೋಣೆಯ ಬಾಗಿಲಿಗೂ ಕಟ್ಟಿದಳು.

ಆ ದಿನದಿಂದ ಅವಳಿಗೆ ಅಡುಗೆಮನೆಯಲ್ಲಿ ಯಾರೋ ಕುಳಿತಿದ್ದಾರೆ ಅನಿಸತೊಡಗಿತು. ಒಲೆಯ ಎಡಮಗ್ಗುಲಲ್ಲಿ, ಗೋಡೆಗೆ ಒರಗಿ, ಹಳದಿ ಸೀರೆ ಉಟ್ಟ ಒಬ್ಬ ಹೆಂಗಸು. ತಲೆಗೂದಲು ಒದ್ದೆ. ಪೂವಮ್ಮ ತಿರುಗಿ ನೋಡಿದರೆ ಅಲ್ಲಿ ಹೊಗೆ ಮಾತ್ರ. ನೋಡದಿದ್ದರೆ ಅವಳು ಇದ್ದಾಳೆ. ಹೆದರಿಕೆ ಆಗುತ್ತಿರಲಿಲ್ಲ. ದೂರದಿಂದ ಬಂದ ನಂಟರ ಮುಂದೆ ಮೆಲ್ಲಗೆ ನಡೆಯುವ ಹಾಗೆ ಮೆಲ್ಲಗೆ ನಡೆಯುತ್ತಿದ್ದಳು. ಪಾತ್ರೆ ಸದ್ದಾಗದಂತೆ ಇಡುತ್ತಿದ್ದಳು. ಗಂಜಿ ಬಸಿಯುವ ಮೊದಲು ಆ ಮೂಲೆಗೆ ಒಂದು ಹನಿ ತಣ್ಣೀರು ಬಿಡುತ್ತಿದ್ದಳು. ಪಾತ್ರೆಗಳ ಜೊತೆಗಿನ ಮಾತನ್ನೂ ಬಿಟ್ಟಳು. ಚರಿಗೆಗಳಿಗೆ ಆಶ್ಚರ್ಯವಾಗಿರಬೇಕು.

ದಮಯಂತಿ ಟೀಚರ್ ಗೇಟಿನ ಬೇವನ್ನು ಒಮ್ಮೆ ಬಿಚ್ಚಿ ಹಾಕಿದರು. “ಪೂವಮ್ಮ, ಇದು ಅಮ್ಮ ಅಲ್ಲ. ಮಕ್ಕಳಿಗೆಲ್ಲ ಸಿಡುಬಿನ ದಾಕು ಹಾಕಿ ಉಂಟು. ತೋಳಿನ ಕಲೆ ನೋಡಿ ಬೇಕಾದ್ರೆ.”

“ಆಗಿರಬಹುದು ಟೀಚರ್. ಆದ್ರೆ ಅಮ್ಮ ಬರುವಾಗ ಹೆಸರು ಹೇಳಿ ಬರುದಿಲ್ಲ.”

“ಹಾಗಂತ ಮಕ್ಕಳಿಗೆ ಸಪ್ಪೆ ಸಪ್ಪೆ ಹಾಕುದಾ? ನನ್ನ ನಾಲಿಗೆಗೇ ಹಿಡಿಸುದಿಲ್ಲ.”

“ಸಪ್ಪೆ ಉಂಡು ಯಾರೂ ಸಾಯ್ಲಿಲ್ಲ ಟೀಚರ್.”

ಟೀಚರಿಗೂ ಆಗ ಜ್ವರ ಏರುತ್ತಿತ್ತು. ನಿಂತು ಕೆಲಸ ಮಾಡುವವಳು ಪೂವಮ್ಮ ಒಬ್ಬಳೇ. ಅವಳೊಡನೆ ಜಗಳ ಮಾಡಿ ಯಾರನ್ನು ಕರೆದು ತರುವುದು? ಅವರು ಹೋಗಿ ಚಾಪೆಯ ಮೇಲೆ ಬಿದ್ದುಕೊಂಡರು. ಪೂವಮ್ಮ ಬೇವನ್ನು ಮತ್ತೆ ಕಟ್ಟಿದಳು.

ಗುಡ್ಡದ ಕೆಳಗೆ ಮಧ್ಯಾಹ್ನ ಆಗುವುದೇ ನಿಂತಿತು. ಘಮ ಇಳಿದು ಬರಲಿಲ್ಲ. ಯಾರೋ ಮೇಲೆ ನೋಡಿದರು, ಗೇಟಿನಲ್ಲಿ ಬೇವು ಕಂಡಿತು. ಮತ್ತೆ ಹೇಳುವುದಕ್ಕೆ ಏನಿದೆ? ದಿನವೂ ಹಾಲು ತರುತ್ತಿದ್ದ ದುಗ್ಗಮ್ಮ ಒಂದು ಬೆಳಿಗ್ಗೆ ಅರ್ಧ ದಾರಿಯಲ್ಲೇ ನಿಂತು ಕೂಗಿದಳು.

“ಪೂವಕ್ಕಾ, ನಾಳೆಯಿಂದ ಹಾಲು ಇಲ್ಲ! ಕರು ಕುಡಿದು ಬಿಡ್ತದೆ!”

“ಕರು ನಿನ್ನೆಯೂ ಇತ್ತಲ್ಲ ದುಗ್ಗಕ್ಕ?”

“ನಿನ್ನೆ ಅದಕ್ಕೆ ಇಷ್ಟು ಬುದ್ಧಿ ಇರ್ಲಿಲ್ಲ!” ಎಂದು ಹೇಳಿ, ಚೆಂಬು ಸೆರಗಿನಲ್ಲಿ ಮುಚ್ಚಿಕೊಂಡು, ಹಿಂದಕ್ಕೆ ನೋಡದೆ ಇಳಿದಳು. ಅಮ್ಮ ಇರುವ ಮನೆಗೆ ಹಾಲು ಕೊಟ್ಟರೆ ಹಸುವಿನ ಕೆಚ್ಚಲು ಬತ್ತುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಕರುವಿನ ಮೇಲೆ ಹಾಕಿದ್ದು ದುಗ್ಗಮ್ಮನ ದಾಕ್ಷಿಣ್ಯ.

ಅಕ್ಕಿ ತರುವ ಗಾಡಿಯ ಮೂಸಕುಂಞಿ ಮೂಟೆಯನ್ನು ಗುಡ್ಡದ ಬುಡದಲ್ಲೇ ಇಳಿಸಿ, “ಟೀಚರಮ್ಮಾ, ತಪ್ಪು ತಿಳೀಬೇಡಿ. ಮೇಲೆ ಬಂದ ಗಾಡಿ ತಮ್ಮ ಅಂಗಡಿ ಮುಂದೆ ನಿಲ್ಲುದು ಬೇಡಾಂತ ಪೇಟೆಯವರು ಹೇಳ್ತಾರೆ” ಎಂದು ಕೂಗಿ ಎತ್ತುಗಳನ್ನು ತಿರುಗಿಸಿದ. ಅಷ್ಟರಲ್ಲಿ ಜ್ವರ ಬಿಟ್ಟು ಎದ್ದಿದ್ದ ಆಲೀಸ್ ಮತ್ತು ಪೂವಮ್ಮ ಅದನ್ನು ಸ್ವಲ್ಪ ಸ್ವಲ್ಪವೇ ಬುಟ್ಟಿಗೆ ತುಂಬಿ ಹೊತ್ತು ತಂದರು. ತರಕಾರಿ ನಿಂತಿತು, ಸೌದೆ ನಿಂತಿತು. ಬೋರ್ಡಿಂಗು ಮೋಡದೊಳಗೆ ತೇಲಿಹೋದ ಹಾಗೆ ಊರಿನಿಂದ ಬೇರೆಯಾಯಿತು.

ಒಬ್ಬೊಬ್ಬರೇ ಹುಡುಗಿಯರು ಎದ್ದು ಕುಳಿತರು. ಮುಖ ಸಿಂಡರಿಸಿದರೂ ಸಪ್ಪೆ ಗಂಜಿ ಕುಡಿದರು. ಏಳದೆ ಉಳಿದವಳು ಒಬ್ಬಳೇ, ಎಲ್ಲರಿಗಿಂತ ಸಣ್ಣವಳು, ವಲ್ಸಾ. ಕೇರಳದಿಂದ ಬಂದು ನೆಲ್ಯಾಡಿಯ ಹತ್ತಿರ ಕಾಡು ಕಡಿದು ಕೃಷಿ ಮಾಡುತ್ತಿದ್ದ ಚಾಂಡಿಯ ಮಗಳು. ಎರಡನೇ ಕ್ಲಾಸು. ಕನ್ನಡಕ್ಕೆ ಮಲಯಾಳ ಬೆರೆಸಿ ಮಾತಾಡುವಳು. ಪೂವಮ್ಮನನ್ನು ಮೊದಲ ದಿನದಿಂದಲೂ ಅಮ್ಮಚ್ಚಿ ಎಂದೇ ಕರೆದವಳು. ಅವಳಿಗೆ ಜ್ವರ ಇಳಿದಿತ್ತು, ಆದರೆ ಜ್ವರದ ಜೊತೆಗೆ ಅವಳೂ ಇಳಿದು ಹೋಗುತ್ತಿದ್ದಳು. ಬಾಯಿಗೆ ಚಮಚ ಹಿಡಿದರೆ ತಲೆ ತಿರುಗಿಸುವಳು. “ವೇಂಡ, ಅಮ್ಮಚ್ಚಿ.” ಬೇಡ, ಬೇಡ, ಅಷ್ಟೇ ಮಾತು. ಕುಡಿಸಿದ ನೀರೂ ಕಟಬಾಯಿಯಿಂದ ಹೊರಗೆ. ಹಾಲಿದ್ದರೆ ಹೇಗಾದರೂ ಎರಡು ಗುಟುಕು ಇಳಿಯುತ್ತಿತ್ತೋ ಏನೋ. ಹಾಲಿರಲಿಲ್ಲ. ಹಾಲು ಯಾಕಿಲ್ಲ ಎಂಬುದು ಪೂವಮ್ಮನಿಗೆ ಗೊತ್ತಿತ್ತು. ಅವಳು ಗೇಟಿನ ಕಡೆ ನೋಡುವುದನ್ನು ಬಿಟ್ಟಳು.

ಒಂದು ದಿನ ಗಂಜಿಯ ಬಟ್ಟಲು ಹಿಡಿದು ಕುಳಿತಾಗ ಮಗುವಿನ ಕೈ ಕಂಡಿತು. ಮಣಿಕಟ್ಟಿನಲ್ಲಿ ಎರಡು ಎಲುಬು, ಅವುಗಳ ನಡುವೆ ಒಂದು ಹೊಂಡ. ಚಾಪೆಗೆ ಭಾರವೇ ಇಲ್ಲ. ಗಾಳಿ ಬಂದರೆ ಹೊದಿಕೆಯ ಜೊತೆ ಹಾರಿಹೋಗುವ ಹಾಗಿತ್ತು.

“ಒಂದು ತುತ್ತು ಮಗಾ. ಒಂದೇ ಒಂದು.”

ವಲ್ಸಾ ಕಣ್ಣು ಬಿಡದೆಯೇ ಏನನ್ನೋ ಆಲಿಸುವಂತೆ ಮಲಗಿದ್ದಳು. “ಇನ್ನೂ ಆಗ್ಲಿಲ್ಲ ಅಮ್ಮಚ್ಚಿ” ಎಂದಳು.

“ಎಂತ ಆಗ್ಲಿಲ್ಲ?”

“ಊಟ. ಚುಂಯ್ ಅನ್ಲಿಲ್ಲ.”

ಪೂವಮ್ಮನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಆಲೀಸ್ ಹೇಳಿದಳು: “ಅವಳದ್ದು ಅದೇ ರಾಗ. ಅವಳ ಮನೆಯಲ್ಲಿ ಒಗ್ಗರಣೆ ಚುಂಯ್ ಅಂದ್ಮೇಲೆಯೇ ಊಟಕ್ಕೆ ಕೂತ್ಕೊಳ್ಳುದಂತೆ. ಅದಕ್ಕಿಂತ ಮೊದ್ಲು ಕೂತ್ರೆ ಅವಳಮ್ಮ ಸೌಟಿನಲ್ಲಿ ಹೊಡೀತಾರಂತೆ. ರಾತ್ರೆ ಹಗಲು ಚುಂಯ್ ಆಗ್ಲಿಲ್ಲ, ಚುಂಯ್ ಆಗ್ಲಿಲ್ಲ ಅಂತ ನನ್ನ ತಲೆ ತಿಂತಾಳೆ. ನನ್ನ ತಲೆಯಾದ್ರೂ ತಿಂತಾಳಲ್ಲ, ಅದೇ ಪುಣ್ಯ.”

ಪೂವಮ್ಮ ನಗಲಿಲ್ಲ. ಮಗು ತಿನ್ನಲಾರದೆ ಬಿಟ್ಟಿರಲಿಲ್ಲ, ಕಾಯುತ್ತಿತ್ತು. ಎಲ್ಲೋ ದೂರದ, ಮಂಜು ಕವಿದ ಒಂದು ಮನೆಯ ಜಗಲಿಯಲ್ಲಿ ಕುಳಿತು, ಅಡುಗೆ ಆಗುವುದನ್ನು ಕಾಯುತ್ತಿತ್ತು. ಆ ಮನೆಯ ಅಡುಗೆ ಎಂದೂ ಆಗುತ್ತಿರಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಬಂದಳು. ಮಧ್ಯಾಹ್ನದ ಹೊತ್ತು. ಹುರುಳಿ ಸಾರು ಒಲೆಯ ಮೇಲೆ ಸಪ್ಪಗೆ ಕುದಿಯುತ್ತಿತ್ತು. ಒಲೆಯ ಎಡಮಗ್ಗುಲಲ್ಲಿ ಹಳದಿ ಸೀರೆಯ ಹೆಂಗಸು ಕುಳಿತಿದ್ದಳು. ಆವತ್ತು ಪೂವಮ್ಮ ತಿರುಗಿ ನೋಡಿದಾಗಲೂ ಅವಳು ಹೊಗೆಯಾಗಲಿಲ್ಲ, ಅಥವಾ ಹೊಗೆಯೇ ಅವಳಂತೆ ಕಂಡಿತು. ಕೂದಲು ಇನ್ನೂ ಒದ್ದೆಯಾಗಿಯೇ ಇತ್ತು.

ಪೂವಮ್ಮ ಗೋಡೆಯಿಂದ ಸೌಟು ತೆಗೆದಳು. ಸೌಟು ಗೋಡೆಗೆ ತಾಗಿ ಟಣ್ ಎಂದಿತು. ಒಂದು ಸಲ ಹೀಗೆಯೇ ಸೌಟು ತೆಗೆದಿದ್ದಳು. ಆಗ ಗೊತ್ತಿರಲಿಲ್ಲ. ಈಗ ಗೊತ್ತಿದ್ದೂ ತೆಗೆಯುತ್ತಿದ್ದಳು. ಇನ್ನೊಬ್ಬರ ಮಗು. ಅದರ ಮೈಯಲ್ಲಿ ನಾಳೆ ಗುಳ್ಳೆ ಎದ್ದರೆ ಹೇಳುವುದಕ್ಕೆ ಅತ್ತೆಯೂ ಬೇಕಾಗಿಲ್ಲ.

“ತಾಯೀ” ಎಂದಳು. ಎಷ್ಟೋ ದಿನದ ಮೇಲೆ ಆ ಅಡುಗೆಮನೆಯಲ್ಲಿ ಮಾತು ಕೇಳಿಸಿತು. “ನೀನು ಬಂದದ್ದು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೆ ಸ್ವಲ್ಪ ಆಚೆ ಸರಿದು ಕೂತ್ಕೋ. ಎಣ್ಣೆ ಸಿಡೀತದೆ. ಸಿಡಿದ್ರೆ ನನ್ನ ಮೈಮೇಲೆ ಸಿಡೀಲಿ. ಮಗುವಿಗೆ ಹಸಿವಾಗ್ತದೆ, ತಾಯಿ. ಹಸಿದ ಮಗುವಿನ ಮುಂದೆ ನೀನೂ ಕೂತಿರಲಿಕ್ಕಿಲ್ಲ.”

ಹೇಳಿ ಸ್ವಲ್ಪ ಹೊತ್ತು ನಿಂತಳು, ಸರಿಯುವುದಕ್ಕೆ ಪುರುಸೊತ್ತು ಕೊಡುವ ಹಾಗೆ.

ಸೌಟಿನಲ್ಲಿ ತೆಂಗಿನೆಣ್ಣೆ ಕಾಯಿತು. ಸಾಸಿವೆ ಹಾಕಿದಳು, ಚಟಪಟ ಎಂದಿತು. ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸು, ಹಿತ್ತಲಿನ ಕರಿಬೇವು. ಬೆಳ್ಳುಳ್ಳಿ ಕೆಂಪಾಗುವವರೆಗೂ ಸೌಟನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಅದನ್ನು ಸಾರಿನೊಳಗೆ ಮುಳುಗಿಸಿದಳು.

ಚುಂಯ್!

ಉದ್ದನೆಯ ಕೋಣೆಯಲ್ಲಿ ಒಮ್ಮೆಲೇ ಸದ್ದಾಯಿತು. ಮೆಣಸಿನ ಘಾಟಿಗೆ ಒಬ್ಬಳು ಕೆಮ್ಮಿದಳು, ಇನ್ನೊಬ್ಬಳು ಸೀನಿದಳು, ಆಮೇಲೆ ಎಲ್ಲರೂ ಕೆಮ್ಮುತ್ತ ಕೆಮ್ಮುತ್ತ ನಗತೊಡಗಿದರು. “ಟೀಚರ್, ಪೂವಮ್ಮ ಒಗ್ಗರಣೆ ಹಾಕಿದ್ರು!” ಎಂದು ಆಲೀಸ್ ಕೂಗಿದಳು. ಯಾರಿಗೋ ಬಹುಮಾನ ಬಂದ ಹಾಗೆ.

ಪೂವಮ್ಮ ಬಟ್ಟಲು ಹಿಡಿದು ಓಡುವ ಹಾಗೆ ಬಂದಳು. ವಲ್ಸಾ ಕಣ್ಣು ಬಿಟ್ಟಿದ್ದಳು. ಮಂಜಿನ ಮನೆಯ ಜಗಲಿಯಿಂದ ಎದ್ದು ಬಂದವಳಂತೆ ಸುತ್ತ ನೋಡಿದಳು.

“ಆಯ್ತಾ, ಅಮ್ಮಚ್ಚಿ?”

“ಆಯ್ತು ಮಗಾ. ತಡ ಆಯ್ತು. ಬಾ, ಉಣ್ಣು.”

ಮೆತ್ತಗೆ ಕಿವುಚಿದ ಅನ್ನ, ಅದರ ಮೇಲೆ ಸಾರು. ಮೊದಲ ತುತ್ತು ಬಾಯಲ್ಲಿಯೇ ಬಹಳ ಹೊತ್ತು ಇತ್ತು. ಆಮೇಲೆ ಗಂಟಲು ಅಲುಗಿತು. ಇನ್ನೊಂದು ತುತ್ತು. ಇನ್ನೂ ಒಂದು ಅರ್ಧ. ಅಷ್ಟಕ್ಕೆ ಸಾಕಾಗಿ, ತುಟಿಯಲ್ಲಿ ಒಂದು ಸಾಸಿವೆ ಹಾಗೆಯೇ ಇರುವಾಗ ಮಗು ನಿದ್ದೆಹೋಯಿತು.

ಘಮ ಅಷ್ಟರಲ್ಲಿ ಗೇಟು ದಾಟಿತ್ತು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ದುಗ್ಗಮ್ಮನ ಸ್ವರ ಕೇಳಿತು.

“ಹೋಯ್, ಪೂವಕ್ಕಾ! ಒಗ್ಗರಣೆ ಹಾಕಿದ್ದು ಯಾರು?”

“ನಾನೇ. ಇನ್ಯಾರು ಹಾಕುದು?”

“ಬೆಳ್ಳುಳ್ಳಿಯದ್ದಾ?”

“ಬೆಳ್ಳುಳ್ಳಿಯದ್ದೇ.”

ದುಗ್ಗಮ್ಮ ಮಳೆಗೆ ತಲೆಯ ಮೇಲೆ ಹೊದ್ದ ಎಲೆಯ ಗೊರಬು ಸರಿಮಾಡಿಕೊಂಡು ಗೇಟಿನ ಹತ್ತಿರ ಬಂದು ನಿಂತಳು. “ಅಮ್ಮ ಇರುವಲ್ಲಿ ಬೆಳ್ಳುಳ್ಳಿ ಸಿಡಿಸುವಷ್ಟು ಸೊಕ್ಕು ನಿನಗೆ ಇಲ್ಲ. ನಿನ್ನ ನನಗೆ ಗೊತ್ತಿಲ್ವಾ? ಹಾಗಾದ್ರೆ ಅಮ್ಮ ಬರ್ಲೇ ಇಲ್ಲ ಅಂತ ಆಯ್ತಲ್ಲ? ಮತ್ತೆ ಈ ಬೇವು ಎಂತಕ್ಕೆ ಕಟ್ಟಿದ್ದು, ತೋರಣಕ್ಕಾ?”

ಬಂದಿದ್ದಳು ಎನ್ನುವುದೇ, ಬರಲಿಲ್ಲ ಎನ್ನುವುದೇ? ಪೂವಮ್ಮ ಗೇಟಿಗೆ ಬಂದಳು. “ನೀನೇ ಒಳಗೆ ಬಂದು ನೋಡು ದುಗ್ಗಕ್ಕ. ಮಕ್ಕಳ ಮೈಯಲ್ಲಿ ಒಂದು ಗುಳ್ಳೆ ಕಂಡ್ರೆ ನನ್ನ ಮೋರೆಗೆ ಉಗಿ” ಎಂದಳು. ಹೇಳುತ್ತಲೇ ಗೇಟಿನ ಬೇವಿನ ಗಂಟು ಬಿಚ್ಚತೊಡಗಿದಳು. ಒದ್ದೆಯಾಗಿ ಬಿಗಿದಿದ್ದ ಗಂಟು ಬೇಗ ಬಿಚ್ಚಲಿಲ್ಲ. ಕೊನೆಗೆ ಹಲ್ಲು ಹಾಕಿ ಎಳೆದಳು.

ದುಗ್ಗಮ್ಮ ಒಳಗೆ ಬರಲಿಲ್ಲ. ನೋಡುತ್ತ ನಿಂತಳು, ಆಮೇಲೆ ಇಳಿದಳು. ಸಂಜೆ ಹಾಲಿನ ಚೆಂಬು ಹಿಡಿದು ಬಂದಳು. ಚೆಂಬು ತುಂಬಿ ತುಳುಕುತ್ತಿತ್ತು.

“ಕರು ಕುಡೀಲಿಲ್ವಾ?” ಎಂದಳು ಪೂವಮ್ಮ.

“ಅದಕ್ಕೆ ಹೊಟ್ಟೆನೋವಂತೆ” ಎಂದಳು ದುಗ್ಗಮ್ಮ. ಮಗುವಿಗೆ ಹೇಗಿದೆ ಎಂದು ಕೇಳಿದಾಗ ಅವಳ ಕಣ್ಣು ನೆಲ ನೋಡುತ್ತಿತ್ತು. ಹೋಗುವಾಗ, “ಗಾಡಿಯ ಬ್ಯಾರಿಗೂ ಹೇಳಿ ಕಳಿಸಿದ್ದೇನೆ, ಸೌದೆ ತಾ ಅಂತ” ಎಂದಳು. ಮಾರನೆಯ ದಿನ ಮೂಸಕುಂಞಿಯ ಗಾಡಿ ಗುಡ್ಡ ಹತ್ತಿ ಅಂಗಳಕ್ಕೇ ಬಂತು. ಸೌದೆಯ ಮೇಲೆ ಒಂದು ಸೌತೆಕಾಯಿ ಹೆಚ್ಚಿಗೆ ಇತ್ತು. ಯಾರು ಕೊಟ್ಟದ್ದು ಎಂದರೆ ಅವನು ಎತ್ತಿನ ಬೆನ್ನು ತಟ್ಟಿ, “ಇವನದ್ದು” ಎಂದ.

ಆದರೆ ಪೂವಮ್ಮನ ಕಾಯುವಿಕೆ ಮುಗಿದಿರಲಿಲ್ಲ. ದಿನಾ ಬೆಳಿಗ್ಗೆ ವಲ್ಸಾಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಣೆ, ಕುತ್ತಿಗೆ, ಬೆನ್ನು ನೋಡುವಳು. ಸೊಳ್ಳೆ ಕಚ್ಚಿದ ಗುರುತು ಕಂಡರೂ ಬಗ್ಗಿ ಮತ್ತೆ ಮತ್ತೆ ನೋಡುವಳು. ಬೆರಳಿನಿಂದ ಸವರುವಳು, ಮಗು ಕಚಗುಳಿಯಾಗಿ ನಗುವುದು. ನೋಡಿದ ಮೇಲೆ ಒಲೆಯ ಹತ್ತಿರ ಹೋಗಿ, ಮಧ್ಯಾಹ್ನ ಮತ್ತೆ ಒಗ್ಗರಣೆ ಹಾಕುವಳು. ಹಾಕದೆ ಇದ್ದರೆ ಮಗು ಉಣ್ಣುತ್ತಿರಲಿಲ್ಲ. ಹಾಕಿದರೆ ಅವಳಿಗೆ ರಾತ್ರಿ ನಿದ್ದೆ ಇರಲಿಲ್ಲ. ಹೀಗೆ ದಿನ ಹೋಯಿತು. ಮಗುವಿನ ಮೈ ಬೆಳ್ಳಗೆ, ನುಣ್ಣಗೆ ಹಾಗೆಯೇ ಉಳಿಯಿತು. ಮಣಿಕಟ್ಟಿನ ಹೊಂಡ ತುಂಬಿತು. ಅಡುಗೆಮನೆಯ ಮೂಲೆಯಲ್ಲಿದ್ದ ಹೆಂಗಸು ಯಾವ ಹೊತ್ತಿಗೆ ಎದ್ದು ಹೋದಳೋ ಪೂವಮ್ಮನಿಗೆ ತಿಳಿಯಲಿಲ್ಲ. ಬಾಗಿಲವರೆಗೆ ಹೋಗಿ ಕಳಿಸಿಕೊಡಬೇಕಿತ್ತು ಎಂದು ಮಾತ್ರ ಮನಸ್ಸಿಗೆ ಅನಿಸಿತು.

ವಲ್ಸಾ ಎದ್ದು ಅಂಗಳದಲ್ಲಿ ಓಡಾಡಿದ ದಿನವೇ ಪೂವಮ್ಮ ಮಲಗಿದಳು. ಅವಳಿಗೂ ಅದೇ ಜ್ವರ. ದಮಯಂತಿ ಟೀಚರ್ ಅವಳ ಚಾಪೆಯನ್ನು ಹುಡುಗಿಯರ ಸಾಲಿನಲ್ಲೇ ಹಾಕಿಸಿದರು, ಸೆರಗು ಸಿಕ್ಕಿಸಿಕೊಂಡು ತಾವೇ ಅಡುಗೆಗೆ ಇಳಿದರು. ಅನ್ನ ತಳ ಹಿಡಿಯಿತು, ಸಾರಿಗೆ ಉಪ್ಪು ಎರಡು ಸಲ ಬಿತ್ತು. ಹುಡುಗಿಯರು ಟೀಚರ ಮುಂದೆ “ಲಾಯಿಕುಂಟು ಟೀಚರ್” ಎನ್ನುತ್ತ, ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಪೂವಮ್ಮನಿಗೆ ಎಲ್ಲವೂ ನೀರಿನ ಅಡಿಯಿಂದ ಕೇಳಿದ ಹಾಗೆ ಕೇಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವಳು ಹಗಲು ಹೊತ್ತಿನಲ್ಲಿ ಮಲಗಿದ್ದಳು.

ವಲ್ಸಾ ಗಂಜಿಯ ಬಟ್ಟಲು ಹಿಡಿದು ಅವಳ ತಲೆಯ ಹತ್ತಿರ ಕುಳಿತಳು. “ಅಮ್ಮಚ್ಚಿ, ನಿಮಗೆ ಮಕ್ಕಳಿಲ್ವಾ?”

ಆ ಪ್ರಶ್ನೆಗೆ ಪೂವಮ್ಮ ಯಾವಾಗಲೂ ಇಲ್ಲ ಎಂದೇ ಹೇಳುತ್ತಿದ್ದಳು. “ಇದ್ದಳು” ಎಂದಳು. “ಭಾಗಿ. ನಿನಗಿಂತ ಸಣ್ಣವಳು.”

“ಅವಳಿಗೆ ಎಂತ ಇಷ್ಟ?”

ಪೂವಮ್ಮ ಕಣ್ಣು ಮುಚ್ಚಿದಳು. ಮಗಳನ್ನು ನೆನೆದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಬಾಳೆಲೆಯ ಮೇಲೆ ಮಲಗಿಸಿದ ಆ ಕೊನೆಯ ಮೈಯೊಂದೇ. ಅದರ ಹಿಂದೆ ಏನೂ ಇಲ್ಲದ ಹಾಗೆ, ಅದೇ ಅವಳ ಮಗಳಾಗಿ ಉಳಿದಿತ್ತು. ಈಗ ಅದು ಮೆಲ್ಲಗೆ ಸರಿಯಿತು. ಅದರಾಚೆ ಒಂದು ಅಡುಗೆಮನೆ, ಬೆಳಿಗ್ಗೆಯ ಬಿಸಿಲು, ಎಣ್ಣೆ ಹಚ್ಚಿ ಬಾಚಿದ ಒಂದು ಪುಟ್ಟ ತಲೆ. ಮಗು ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದೆ. ಸಾರಿಗೆ ಅದ್ದಿ ತೆಗೆದ ಸೌಟಿಗೆ ಕೈ ಚಾಚುತ್ತಿದೆ. ಸೌಟಿನ ತಳದಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿಯ ಒಂದು ಎಸಳು ಅಂಟಿದೆ.

“ಬೆಳ್ಳುಳ್ಳಿ” ಎಂದಳು ಪೂವಮ್ಮ. “ಒಗ್ಗರಣೆಯದ್ದು. ನಾನು ಊದಿ ಊದಿ ತಣಿಸಿ ಕೊಡ್ಬೇಕು. ಸ್ವಲ್ಪ ತಡ ಆದ್ರೆ ಸೌಟನ್ನೇ ಕಿತ್ಕೊಳ್ತಿದ್ದಳು, ಕಳ್ಳಿ.”

“ನನಗೂ ಬೇಕು” ಎಂದಳು ವಲ್ಸಾ.

“ನಾಳೆ ನಾನು ಎದ್ದ ಮೇಲೆ. ಟೀಚರ್ ಬೆಳ್ಳುಳ್ಳಿಯನ್ನು ಕರಿ ಮಾಡಿಬಿಟ್ಟಿದ್ದಾರೆ.”

ಅಡುಗೆಮನೆಯಿಂದ ದಮಯಂತಿ ಟೀಚರ್, “ನನಗೆ ಕೇಳ್ತದೆ ಪೂವಮ್ಮ!” ಎಂದು ಕೂಗಿದರು. ಪೂವಮ್ಮ ಮಗುವಿನ ಕೈಯಿಂದ ಗಂಜಿ ಕುಡಿಯುತ್ತ, ಭಾಗಿ ಇನ್ನೇನು ಮಾಡುತ್ತಿದ್ದಳು ಎಂದು ಒಂದೊಂದೇ ನೆನಪು ಮಾಡಿಕೊಂಡು ಹೇಳತೊಡಗಿದಳು.